ಅಪ್ಪ ಬಂದಾಗ ಏಳಬೇಕೇ?

 

ಹೋದ ವಾರ ನಮ್ಮ ಒಬ್ಬ ಕನ್ನಿ ಸ್ವಾಮಿಗಳು ಒಂದು ಪ್ರಶ್ನೆ ಕೇಳಿದ್ದರು. ಹೈದರಾಬಾದಿನಲ್ಲಿ ಕೆಲಸ, ಮೊದಲ ಸಲ ಮಾಲೆ ಹಾಕಿದ್ದಾರೆ. ಎರಡು ವರ್ಷದಿಂದ ಬರುತ್ತೇವೆ ಬರುತ್ತೇವೆ ಎನ್ನುತ್ತಿದ್ದ ಅಪ್ಪ ಅಮ್ಮ ಈಗ ಸರಿಯಾಗಿ ವ್ರತದ ನಡುವೆ ಟಿಕೆಟ್ ಮಾಡಿಸಿದ್ದಾರೆ. ರೂಮಿನಲ್ಲಿರುವ ಬೇರೆ ಸ್ವಾಮಿಗಳು, "ಮನೆಯವರು ಬಂದರೆ ಮನಸ್ಸು ಅತ್ತಿತ್ತ ಆಗುತ್ತೆ, ನಿಯಮ ತಪ್ಪುತ್ತೆ, ಸಂಕ್ರಾಂತಿ ಮುಗಿದ ಮೇಲೆ ಬರೋಕೆ ಹೇಳಿ" ಎಂದಿದ್ದಾರಂತೆ. ಏನು ಮಾಡಲಿ ಎಂದು ಕೇಳಿದ್ದರು.

ಗುರುಸ್ವಾಮಿಗಳು "ಬರಲಿ, ಬಹಳ ಸಂತೋಷ" ಎಂದು ಒಂದೇ ಸಾಲಿನಲ್ಲಿ ಉತ್ತರ ಕೊಟ್ಟು ಮುಗಿಸಿದರು. ಉತ್ತರ ಸರಿಯಾಗಿಯೇ ಇದೆ. ಆದರೆ ನನಗೆ ಆ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದು ಅನ್ನಿಸಲಿಲ್ಲ. ನಾನು ಡಿಪ್ಲೊಮಾ ಓದಿದವನು, ಪುಣೆಯಲ್ಲಿ ಐಟಿ ಸಪೋರ್ಟ್ ಕೆಲಸ. ಶಾಸ್ತ್ರ ಓದಿಲ್ಲ. ಐದು ಸಲ ಮಾಲೆ ಹಾಕಿದ್ದೇನೆ, ಅದರಲ್ಲಿ ಒಂದು ಸಲ ಅಪ್ಪ ಅವ್ವ ವ್ರತದ ನಡುವೆಯೇ ಬಂದು ನಾಲ್ಕು ದಿನ ಇದ್ದು ಹೋದರು. ಅಷ್ಟರ ಮೇಲೆ ಬರೆಯುತ್ತಿದ್ದೇನೆ. ತಪ್ಪು ಅನ್ನಿಸಿದರೆ ಹಿರಿಯ ಸ್ವಾಮಿಗಳು ತಿದ್ದಬೇಕು.

ಮೊದಲು ಬರುವವರ ಕಡೆಯಿಂದ ನೋಡೋಣ. ಊರಿನಲ್ಲಿರುವ ಅಪ್ಪ ಅವ್ವ ಮಗನ ಊರಿಗೆ ಬರುವುದು ನಮ್ಮ ವೀಕೆಂಡ್ ಟ್ರಿಪ್ಪಿನ ಹಾಗಲ್ಲ. ನಮ್ಮದು ಹಾವೇರಿ ಜಿಲ್ಲೆಯ ಹಳ್ಳಿ. ಅಪ್ಪ ಮೂರು ವರ್ಷ ಬರುತ್ತೇನೆ ಎಂದು ಬರಲಿಲ್ಲ. ಒಂದು ವರ್ಷ ಮಳೆ ತಡವಾಗಿ ಬಿತ್ತನೆ ಹಿಂದೆ ಬಿತ್ತು. ಇನ್ನೊಂದು ವರ್ಷ ಎಮ್ಮೆ ಈಯುವುದಿತ್ತು. ಆಮೇಲೆ ಕಾಕಾನ ಮಗಳ ಮದುವೆ. ಗೋವಿನಜೋಳ ಒಕ್ಕಿ ಮಾರಿ, ಎಮ್ಮೆ ಹಿಂಡಲು ಕಾಕಾನ ಮನೆಯವರು ಒಪ್ಪಿ, ಕೈಯಲ್ಲಿ ಒಂದಿಷ್ಟು ದುಡ್ಡು ಇದ್ದು, ಮನೆಯಲ್ಲಿ ಯಾರಿಗೂ ಮೈಗೆ ಸರಿ ಇಲ್ಲದಿರುವುದು ಇರಬಾರದು. ಇಷ್ಟೂ ಕೂಡಿ ಬಂದಾಗ ನಾಲ್ಕು ದಿನ ಸಿಗುತ್ತದೆ. ಅದು ನವೆಂಬರ್ ಕೊನೆಗೋ ಡಿಸೆಂಬರಿಗೋ ಬರುತ್ತದೆ, ಅಂದರೆ ನಮ್ಮ ಮಂಡಲದ ಕಾಲಕ್ಕೇ ಬರುತ್ತದೆ. "ಸಂಕ್ರಾಂತಿ ಆದ ಮೇಲೆ ಬನ್ನಿ" ಎಂದರೆ ಅವರು ಸರಿ ಎನ್ನುತ್ತಾರೆ. ಬೇಜಾರು ತೋರಿಸುವುದಿಲ್ಲ. ಆದರೆ ಸಂಕ್ರಾಂತಿ ಆದ ಮೇಲೆ ಹೊಲದಲ್ಲಿ ಬೇರೆ ಕೆಲಸ ನಿಂತಿರುತ್ತದೆ, ಮುಂದಿನ ವರ್ಷ ನೋಡೋಣ ಎನ್ನುತ್ತಾರೆ.

ಒಂದು ಲೆಕ್ಕ ಹೇಳುತ್ತೇನೆ. ವರ್ಷಕ್ಕೆ ಒಂದು ಸಲ, ನಾಲ್ಕು ದಿನ ಬಂದು ಇರುತ್ತಾರೆ ಎಂದುಕೊಳ್ಳಿ. ಇನ್ನು 20 ವರ್ಷ ತಪ್ಪದೆ ಬಂದರೂ 80 ದಿನ. ಎರಡು ಮಂಡಲ ಅಂದರೆ 82 ದಿನ. ಅಷ್ಟೂ ಆಗಲಿಲ್ಲ.

ಶರಂಗುತ್ತಿಯ ಕಥೆ ನಮಗೆಲ್ಲ ಗೊತ್ತು. ಕನ್ನಿ ಅಯ್ಯಪ್ಪಂದಿರು ಬಾರದ ವರ್ಷ ಮದುವೆಯಾಗುತ್ತೇನೆ ಎಂದು ಸ್ವಾಮಿ ಮಾಳಿಗಪುರತ್ತಮ್ಮನಿಗೆ ಮಾತು ಕೊಟ್ಟ. ಪ್ರತಿ ವರ್ಷ ಮಕರವಿಳಕ್ಕು ಆದ ಮೇಲೆ ತಾಯಿಯ ಮೆರವಣಿಗೆ ಶರಂಗುತ್ತಿಯವರೆಗೆ ಹೋಗುತ್ತದೆ, ಅಲ್ಲಿ ಕನ್ನಿ ಸ್ವಾಮಿಗಳು ಚುಚ್ಚಿ ಹೋದ ಶರಗಳನ್ನು ನೋಡಿ ಹಿಂದಿರುಗುತ್ತದೆ. ಆ ಶರಗಳನ್ನು ನೋಡಿದಾಗೆಲ್ಲ ನನಗೆ ನಾವು ಊರಿಗೆ ಹೇಳುವ ಕಾರಣಗಳು ನೆನಪಾಗುತ್ತವೆ. ಈ ವರ್ಷ ರಿಲೀಸ್ ಇದೆ. ಈ ವರ್ಷ ಲೀವ್ ಇಲ್ಲ. ಈ ವರ್ಷ ರೂಮ್ ಬದಲಿಸುತ್ತಿದ್ದೇವೆ. ಪ್ರತಿ ವರ್ಷ ಹೊಸದೊಂದು. ವ್ರತವನ್ನೂ ಅದೇ ಸಾಲಿಗೆ ಚುಚ್ಚಿಬಿಡುವುದು ಬೇಡ ಎಂದು ನನ್ನ ಮನವಿ.

ಇನ್ನೊಂದು ಮಾತು, ಇದು ಸ್ವಲ್ಪ ಕಠಿಣವಾಗಿ ಕೇಳಿಸಬಹುದು. ಹತ್ತಿರದವರು ತೀರಿಕೊಂಡರೆ ನಾವು ಮಾಲೆ ತೆಗೆಯುತ್ತೇವೆ. ಅದು ನಿಯಮ, ಯಾರೂ ಪ್ರಶ್ನೆ ಮಾಡುವುದಿಲ್ಲ. ಅಂದರೆ ಮನೆಯ ಸಂಬಂಧ ವ್ರತಕ್ಕಿಂತ ಹೊರಗಿನದು ಎಂದು ಸಂಪ್ರದಾಯ ಹೇಳಿಲ್ಲ. ಸಾವಿಗೆ ವ್ರತವನ್ನೇ ನಿಲ್ಲಿಸುವ ನಾವು, ಬದುಕಿರುವವರು ಬುತ್ತಿ ಕಟ್ಟಿಕೊಂಡು ಬಂದಾಗ ನಾಲ್ಕು ದಿನ ಮನಸ್ಸು ಕೆಡುತ್ತದೆ ಎಂದು ಹೆದರುವುದು ನನಗೆ ಅರ್ಥವಾಗುವುದಿಲ್ಲ.

ಪುಣೆಯಲ್ಲಿದ್ದು ಪುಂಡಲೀಕನ ಕಥೆ ಕೇಳದೆ ಇರಲು ಆಗುವುದಿಲ್ಲ. ಜ್ಯೇಷ್ಠದಲ್ಲಿ ಆಳಂದಿಯಿಂದ, ದೇಹುವಿನಿಂದ ಪಾಲಖಿ ಹೊರಟಾಗ ಇಲ್ಲಿ ರಸ್ತೆಯೆಲ್ಲ ವಾರಕರಿಗಳು, ನಮ್ಮ ಆಫೀಸಿನ ಕ್ಯಾಬ್ ಎರಡು ತಾಸು ನಿಲ್ಲುತ್ತದೆ. ಅವರೆಲ್ಲ ನಡೆದು ಹೋಗುವುದು ಪಂಢರಪುರಕ್ಕೆ. ಅಲ್ಲಿ ವಿಠ್ಠಲ ಇಟ್ಟಿಗೆಯ ಮೇಲೆ ಯಾಕೆ ನಿಂತ? ಪುಂಡಲೀಕ ಅಪ್ಪ ಅಮ್ಮನ ಸೇವೆಯಲ್ಲಿದ್ದ. ದೇವರೇ ಬಾಗಿಲಿಗೆ ಬಂದ. ಪುಂಡಲೀಕ ಏಳಲಿಲ್ಲ, ಒಂದು ಇಟ್ಟಿಗೆ ಎಸೆದು ಇದರ ಮೇಲೆ ನಿಂತಿರು, ಬರುತ್ತೇನೆ ಎಂದ. ದೇವರು ಕೋಪ ಮಾಡಿಕೊಳ್ಳಲಿಲ್ಲ, ನಿಂತ. ಇಂದಿಗೂ ನಿಂತಿದ್ದಾನೆ. ಹಾಗಾಗಿ ಅಪ್ಪ ಅಮ್ಮನನ್ನು ಕಾಯಿಸಬೇಕೋ ದೇವರನ್ನೋ ಎಂಬ ಪ್ರಶ್ನೆ ಬಂದರೆ ಭಕ್ತರು ಎಂದೋ ಉತ್ತರ ಹೇಳಿ ಮುಗಿಸಿದ್ದಾರೆ. ಹೈದರಾಬಾದಿನ ಸ್ವಾಮಿಗಳೇ, ಟಿಕೆಟ್ ಕ್ಯಾನ್ಸಲ್ ಮಾಡಿಸಬೇಡಿ.

ಇಲ್ಲಿಯವರೆಗೆ ಸುಲಭ. ಕಷ್ಟ ಶುರುವಾಗುವುದು ಅವರು ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಮೇಲೆ. ಬಂದವರಿಗಾಗಿ ನಮ್ಮ ದಿನವನ್ನು ಎಷ್ಟು ನಿಲ್ಲಿಸಬೇಕು? ಶಿಫ್ಟ್, ಪೂಜೆ, ಬೆಳಗಿನ ನಾಲ್ಕರ ತಣ್ಣೀರ ಸ್ನಾನ, ಒಪ್ಪತ್ತಿನ ಊಟ ಇವನ್ನೆಲ್ಲ ಬದಿಗಿಟ್ಟು ಅವರ ಮುಂದೆ ಕೂರಬೇಕೇ? ಇಲ್ಲಾ ನಾವು ನಮ್ಮ ಪಾಡಿಗೆ ಇದ್ದುಬಿಡಬೇಕೇ?

ಇದಕ್ಕೆ ನಮ್ಮ ಸ್ವಾಮಿಯ ಕಥೆಯಲ್ಲೇ ಒಂದು ಘಟನೆ ಇದೆ. ಸನ್ನಿಧಾನದಲ್ಲಿ ಸ್ವಾಮಿ ಕುಳಿತ ಭಂಗಿ ನೋಡಿ. ಮೊಣಕಾಲುಗಳನ್ನು ಸುತ್ತಿ ಒಂದು ಪಟ್ಟಿ ಇದೆ. ಯೋಗಪಟ್ಟ ಎನ್ನುತ್ತಾರೆ. ಮೇಲುಕೋಟೆಯ ಯೋಗನರಸಿಂಹನಿಗೂ, ಹಂಪಿಯ ಆ ದೊಡ್ಡ ನರಸಿಂಹನಿಗೂ ಅದು ಇದೆ, ಧ್ಯಾನಕ್ಕೆ ಕುಳಿತ ಮೂರ್ತಿಯ ಗುರುತು ಅದು. ಆದರೆ ನಮ್ಮಲ್ಲಿ ಹಿರಿಯರು ಹೇಳುವ ಕಥೆ ಬೇರೆ. ಪಂದಳ ರಾಜ ಮಗನನ್ನು ನೋಡಲು ಬೆಟ್ಟ ಹತ್ತಿ ಬಂದ. ಮಗ ತಪಸ್ಸಿಗೆ ಕುಳಿತಿದ್ದ. ಅಪ್ಪ ಬರುವುದನ್ನು ಕಂಡು ಗೌರವಕ್ಕೆ ಏಳಲು ಹೋದ. ಅಪ್ಪ ಓಡಿ ಬಂದು, ತನ್ನ ಹೆಗಲ ಮೇಲಿನ ವಸ್ತ್ರ ತೆಗೆದು, ಮಗನ ಮೊಣಕಾಲಿಗೆ ಸುತ್ತಿ, ಏಳಬೇಡ ಎಂದು ಕೂರಿಸಿದ. ಆ ವಸ್ತ್ರವೇ ಇವತ್ತಿಗೂ ಹಾಗೇ ಉಳಿದಿದೆ ಎನ್ನುತ್ತಾರೆ.

ಈ ಕಥೆಯನ್ನು ಬಹಳ ಸಲ ಕೇಳಿದ್ದೆ. ಅಪ್ಪನ ಪ್ರೀತಿ ಎಂದು ಹೇಳಿ ಮುಂದೆ ಹೋಗುತ್ತಾರೆ. ನಾನು ಯೋಚಿಸಿದ್ದು ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು. ಮೊದಲು ಮಗ ಏಳಲು ಹೋದ. ಆಮೇಲೆ ಅಪ್ಪ ತಡೆದ. ಇದು ತಿರುಗುಮುರುಗಾದರೆ ಕಥೆಯೇ ಕೆಡುತ್ತದೆ. ಮಗ ಕುಳಿತಲ್ಲಿಂದಲೇ "ನಾನು ತಪಸ್ಸಿನಲ್ಲಿದ್ದೇನೆ, ಅಪ್ಪ ಅರ್ಥ ಮಾಡಿಕೊಳ್ಳುತ್ತಾರೆ" ಎಂದುಕೊಂಡಿದ್ದರೆ ಅದು ಸೊಕ್ಕು. ಅಪ್ಪ ಬಂದು "ನಾನು ಬಂದರೂ ಏಳಲಿಲ್ಲ" ಎಂದು ಮುನಿಸಿಕೊಂಡು ನಿಂತಿದ್ದರೆ ಅದು ಅಪ್ಪನ ಸೊಕ್ಕು. "ಏಳಬೇಡ" ಎನ್ನುವ ಹಕ್ಕು ಬಂದವರಿಗೆ ಮಾತ್ರ ಇದೆ. ಕುಳಿತವನು ಅದನ್ನು ತನ್ನಷ್ಟಕ್ಕೆ ತೆಗೆದುಕೊಳ್ಳುವ ಹಾಗಿಲ್ಲ.

ನಮ್ಮ ವಯಸ್ಸಿನವರ ಬಾಯಲ್ಲಿ ಒಂದು ಮಾತು ಬಹಳ ಕೇಳುತ್ತೇನೆ: "ಅವರಿಗೆ ಏನೂ ಬೇಡ, ಅಡ್ಜಸ್ಟ್ ಆಗ್ತಾರೆ." ಹೌದು, ಆಗುತ್ತಾರೆ. ನಲವತ್ತು ವರ್ಷದಿಂದ ಆಗುತ್ತಲೇ ಬಂದಿದ್ದಾರೆ. ಅದನ್ನು ಅವರು ಹೇಳಬೇಕು. ಅವರ ಪರವಾಗಿ ನಾವು ಹೇಳಿಬಿಟ್ಟರೆ ಅವರು ಕೊಡಬೇಕಾಗಿದ್ದನ್ನು ನಾವೇ ಜೇಬಿನಿಂದ ತೆಗೆದುಕೊಂಡ ಹಾಗೆ.

ಇನ್ನು ಕೆಲವರು ಪೂರ್ತಿ ಎದ್ದೇಬಿಡುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು ಅಪ್ಪ ಅಮ್ಮ ಬಂದಾಗ ಐದು ದಿನ ರಜೆ ಹಾಕಿ, ಕಾರು ಬಾಡಿಗೆ ತೆಗೆದುಕೊಂಡು, ಶನಿವಾರವಾಡ, ಲೋನಾವಳ, ಸಿಂಹಗಡ, ಎರಡು ಮಾಲ್, ದಿನಾ ರಾತ್ರಿ ಹೋಟೆಲ್ ಊಟ ಎಲ್ಲ ಮಾಡಿಸಿದರು. ತಪ್ಪು ಎನ್ನುವುದಿಲ್ಲ, ಪ್ರೀತಿಯಿಂದಲೇ ಮಾಡಿದ್ದು. ಆದರೆ ಅವರ ತಾಯಿ ಹೋಗುವಾಗ, "ಎಲ್ಲಾ ನೋಡಿದ್ವಿ, ನೀನು ದಿನಾ ಹೇಗಿರ್ತೀಯ ಅಂತ ಮಾತ್ರ ಗೊತ್ತಾಗಲಿಲ್ಲ" ಎಂದರಂತೆ. ಅದನ್ನು ಅವರು ನಗುತ್ತಾ ನಮಗೆ ಹೇಳಿದರು. ನಾನು ಮಾತ್ರ ಆ ಮಾತನ್ನು ಇಟ್ಟುಕೊಂಡೆ. ಅತಿಥಿ ಎಂದರೆ ತಿಥಿ ಇಲ್ಲದೆ ಬರುವವನು ಎಂದು ಅರ್ಥ ಹೇಳುತ್ತಾರೆ. ತೈತ್ತಿರೀಯ ಉಪನಿಷತ್ತಿನಲ್ಲಿ ತಾಯಿ, ತಂದೆ, ಗುರು, ಅತಿಥಿ ಎಂದು ನಾಲ್ವರನ್ನು ಬೇರೆ ಬೇರೆ ಹೇಳಿದೆ, ಅತಿಥಿಯ ಹೆಸರು ಕೊನೆಗೆ. ಅಪ್ಪ ಅಮ್ಮನನ್ನು ಅತಿಥಿ ಮಾಡಿದರೆ ಅದು ಬಡ್ತಿಯೋ ಹಿಂಬಡ್ತಿಯೋ ನೀವೇ ನೋಡಿ.

ಈಗ ನಮ್ಮ ಮನೆಯ ವಿಷಯ. ಅವ್ವ ಅಪ್ಪ ಬಂದಾಗ ನನ್ನದು ಮಾಲೆಯ 19ನೆಯ ದಿನ. ರಾತ್ರಿ ಶಿಫ್ಟ್, ಮನೆಯಿಂದಲೇ. ಒಂದು ದಿನ ರಜೆ ಸಿಕ್ಕಿತ್ತು, ಆವತ್ತು ದಗಡೂಶೇಠ ಗಣಪತಿಗೆ ಹೋಗಿ ಬಂದೆವು, ಉಳಿದ ದಿನ ಡ್ಯೂಟಿ. ಅವ್ವ ಬುತ್ತಿ ಬಿಚ್ಚಿದಳು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ, ಗುರೆಳ್ಳು ಪುಡಿ. "ಒಂದರಾಗೂ ಬಳ್ಳೊಳ್ಳಿ ಹಾಕಿಲ್ಲ, ಒಳ್ಳು ತೊಳದು ಬ್ಯಾರೆ ಕುಟ್ಟೇನಿ" ಎಂದಳು. ನಾನು ಬೆಳ್ಳುಳ್ಳಿ ಬಿಟ್ಟಿದ್ದೇನೆ ಎಂದು ಅವಳಿಗೆ ನಾನು ಹೇಳಿರಲಿಲ್ಲ. ಊರಿನ ಮಾಲಾಧಾರಿ ಹುಡುಗರನ್ನು ಕೇಳಿ ತಿಳಿದುಕೊಂಡು ಬಂದಿದ್ದಳು. ಮನೆಯವರು ಬಂದರೆ ನಿಯಮ ತಪ್ಪುತ್ತದೆ ಎನ್ನುವವರು ಇದಕ್ಕೆ ಏನನ್ನುತ್ತೀರಿ? ಜೊತೆಗೆ ಹಳೇ ಸೀರೆಗಳಿಂದ ಹೊಲಿದ ಒಂದು ಕೌದಿ ತಂದಿದ್ದಳು. ಡಿಸೆಂಬರಿನ ಪುಣೆ ಚಳಿ, ನಾನು ನೆಲದ ಮೇಲೆ ಚಾಪೆ ಹಾಸಿ ಮಲಗುವುದು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಗುರುಸ್ವಾಮಿಗಳಿಗೆ ಫೋನ್ ಮಾಡಿದೆ. "ಕೆಳಗೆ ಚಾಪೆ ಇರಲಿ ಸ್ವಾಮಿ, ಮೇಲೆ ತಾಯಿ ಕೊಟ್ಟದ್ದು ಹೊದ್ದುಕೊಳ್ಳಿ" ಎಂದರು.

ಕೌದಿ ಹೊದ್ದು ಮಲಗಿದಾಗ ತಿರುವಾಭರಣದ ವಿಚಾರ ನೆನಪಾಯಿತು. ಮಗನಿಗೆ ಪಟ್ಟ ಕಟ್ಟಬೇಕೆಂದು ಮಾಡಿಸಿದ ಒಡವೆ. ಮಗ ಪಟ್ಟ ಬೇಡವೆಂದು ಕಾಡಿಗೆ ಹೋದ. ತಪಸ್ಸಿಗೆ ಕುಳಿತವನಿಗೆ ಚಿನ್ನ ಏತಕ್ಕೆ? ಆದರೂ ಪ್ರತಿ ವರ್ಷ ಪಂದಳದ ವಲಿಯಕೋಯಿಕ್ಕಲ್ ದೇವಸ್ಥಾನದಿಂದ ಮೂರು ಪೆಟ್ಟಿಗೆ ತಲೆಯ ಮೇಲೆ ಹೊತ್ತು, ಸುಮಾರು 83 ಕಿಲೋಮೀಟರ್ ನಡೆದು, ಮೂರನೆಯ ದಿನ ಮಕರ ಸಂಕ್ರಾಂತಿಯ ಸಂಜೆ ಬೆಟ್ಟಕ್ಕೆ ತರುತ್ತಾರೆ. ಸನ್ಯಾಸಿಯಾದ ಮಗ ಆ ಸಂಜೆ ಅಪ್ಪ ಕಳಿಸಿದ್ದನ್ನು ಹಾಕಿಕೊಳ್ಳುತ್ತಾನೆ. "ನನಗೆ ಇದೆಲ್ಲ ಬೇಡ" ಎನ್ನುವುದಿಲ್ಲ. ನಾವು ಮಾತ್ರ ಊರಿಂದ ಡಬ್ಬಿ ಬಂದರೆ, "ಇದೆಲ್ಲ ಇಲ್ಲೇ ಸಿಗುತ್ತಲ್ಲ, ಯಾಕೆ ಹೊತ್ತುಕೊಂಡು ಬಂದ್ರಿ" ಎಂದು ಮೊದಲ ಮಾತೇ ಆಡುತ್ತೇವೆ.

ಅವ್ವ ಬಂದ ಗಳಿಗೆಯಿಂದ ನನ್ನನ್ನು ಸ್ವಾಮಿ ಎಂದೇ ಕರೆದಳು. "ಸ್ವಾಮಿ, ಊಟಕ್ಕ ಏಳ್ರಿ." ಒಂದು ವರ್ಷದಿಂದ ಫೋನಿನಲ್ಲಿ ಬಾಯಿ ತುಂಬ ಹೆಸರು ಹಿಡಿದು ಕರೆಯುತ್ತಿದ್ದವಳು, ಎದುರು ಬಂದಾಗ ಬಹುವಚನ. ಕೇಳಲು ಒಂಥರಾ ಆಗುತ್ತಿತ್ತು. ಅಪ್ಪನಿಗೆ ಅದು ಬರಲೇ ಇಲ್ಲ, ನೀನು ತಾನು ಎಂದೇ ಮಾತಾಡಿದರು. ಅಪ್ಪ ಮಾಡಿದ್ದು ತಪ್ಪು ಎಂದು ನನಗೆ ಅನ್ನಿಸಿಲ್ಲ. ಯೋಚನೆ ಬಂದದ್ದು ನನ್ನ ಬಗ್ಗೆ, ನಮ್ಮೆಲ್ಲರ ಬಗ್ಗೆ. ವ್ರತದಲ್ಲಿ ಕಂಡವರನ್ನೆಲ್ಲ ಸ್ವಾಮಿ ಎನ್ನುತ್ತೇವೆ. ರಿಕ್ಷಾದವರು ಸ್ವಾಮಿ, ಹಾಲಿನವರು ಸ್ವಾಮಿ, ಲಿಫ್ಟಿನಲ್ಲಿ ಸಿಕ್ಕ ಸಣ್ಣ ಹುಡುಗ ಸ್ವಾಮಿ. ಇದು ಕಷ್ಟವಲ್ಲ, ಅವರು ಅರ್ಧ ನಿಮಿಷ ಸಿಗುತ್ತಾರೆ. ರಾತ್ರಿ ಗೊರಕೆ ಹೊಡೆಯುವ, ಬಾತ್‌ರೂಮಿನ ಗೀಸರ್ ಆಫ್ ಮಾಡುವುದು ಮರೆಯುವ, ಸಂಬಳ ಎಷ್ಟಾಯಿತು ಎಂದು ಮೂರನೇ ಸಲ ಕೇಳುವ, ಟಿವಿ ದೊಡ್ಡದಾಗಿ ಇಡುವ ಅಪ್ಪನಲ್ಲಿ ಸ್ವಾಮಿಯನ್ನು ಕಾಣುವುದು ಬೇರೆ ವಿಷಯ. 41 ದಿನದ ವ್ರತದಲ್ಲಿ ತಣ್ಣೀರು, ಬರಿಗಾಲು, ಒಪ್ಪತ್ತು ಇವೆಲ್ಲ ಮೈಗೆ ರೂಢಿಯಾಗುತ್ತವೆ. ಇದೊಂದು ರೂಢಿಯಾಗುವುದಿಲ್ಲ. ಮನೆಯವರು ಬಂದರೆ ಮನಸ್ಸು ಅತ್ತಿತ್ತ ಆಗುತ್ತದೆ ಎನ್ನುವ ಸ್ವಾಮಿಗಳ ಮಾತು ಸುಳ್ಳಲ್ಲ. ಅತ್ತಿತ್ತ ಆಗುವ ಮನಸ್ಸು ಎಲ್ಲಿಗೆ ಬಂದಿದೆ ಎಂದು ನೋಡುವುದಕ್ಕೇ ಅಲ್ಲವೇ ಮಾಲೆ ಹಾಕುವುದು?

ಎರಡನೆಯ ರಾತ್ರಿ ನಾನು ಕಾಲ್‌ನಲ್ಲಿದ್ದೆ. ಆ ಕಡೆಯವರ ಲ್ಯಾಪ್‌ಟಾಪ್ ವಿಪಿಎನ್‌ಗೆ ಕನೆಕ್ಟ್ ಆಗುತ್ತಿರಲಿಲ್ಲ, ಅವರು ಸಿಟ್ಟಿನಲ್ಲಿದ್ದರು. ಎರಡೂವರೆ ಗಂಟೆ ಇರಬೇಕು, ಅಪ್ಪ ಎಚ್ಚರಾಗಿ ಬಾಗಿಲಲ್ಲಿ ಬಂದು ನಿಂತರು. ನೀರು ಬೇಕೇನೋ ಎಂದು ನಾನು ಹೆಡ್‌ಸೆಟ್ ಕೆಳಗಿಟ್ಟು ಏಳಲು ಹೋದೆ. ಅಪ್ಪ ಕೈ ಅಡ್ಡ ಮಾಡಿ, "ಕುಂದ್ರು, ನಿನ್ನ ಕೆಲಸಾ ನೋಡು" ಎಂದು ಅಲ್ಲೇ ಗೋಡೆಗೆ ಆತು ಕುಳಿತರು. ಮುಕ್ಕಾಲು ತಾಸು ಕುಳಿತಿದ್ದರು. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಮರುದಿನ ಕೇಳಿದರು, "ಅವ್ರು ನಿನಗ ಬೈಯಾಕತ್ತಿದ್ರೇನು?" ನಾನು, ಇಲ್ಲಪ್ಪ, ಅವರ ಕಂಪ್ಯೂಟರ್ ಕೆಟ್ಟಿತ್ತು ಎಂದೆ. "ಬೈದ್ರೂ ನೀ ಸಿಟ್ಟಿಗೇಳಲಿಲ್ಲ" ಎಂದರು. ಅಷ್ಟೇ. ಮಧ್ಯಾಹ್ನ ಕಾಕಾನಿಗೆ ಫೋನ್ ಮಾಡಿ, "ನಮ್ಮಂವ ಕುಂತಲ್ಲೇ ಕುಂತು ಎಲ್ಲಿ ಎಲ್ಲಿದೋ ಕಂಪ್ಯೂಟರ್ ರಿಪೇರಿ ಮಾಡ್ತಾನ, ರಾತ್ರಿ ಎಲ್ಲಾ ನಿದ್ದಿಲ್ಲ" ಎಂದು ಹೇಳುತ್ತಿದ್ದರು. ಮೂರು ವರ್ಷ ವಿಡಿಯೋ ಕಾಲ್‌ನಲ್ಲಿ ದಿನಾ ಮುಖ ನೋಡಿದ್ದಾರೆ, ನಾನು ಮಾಡುವ ಕೆಲಸ ಏನು ಎಂದು ಅವರಿಗೆ ತಿಳಿದದ್ದು ಆ ಮುಕ್ಕಾಲು ತಾಸಿನಲ್ಲಿ.

ನಮ್ಮ ಸಪೋರ್ಟ್ ಕೆಲಸದಲ್ಲಿ ಎರಡು ಟೈಮ್ ಲೆಕ್ಕ ಇಡುತ್ತಾರೆ. ಟಿಕೆಟ್ ಬಂದ ಮೇಲೆ "ನೋಡುತ್ತಿದ್ದೇವೆ" ಎಂದು ಉತ್ತರ ಕೊಡಲು ಎಷ್ಟು ಹೊತ್ತಾಯಿತು, ಸಮಸ್ಯೆ ಬಗೆಹರಿಯಲು ಎಷ್ಟು ಹೊತ್ತಾಯಿತು. ಮೊದಲನೆಯದು ಚೆನ್ನಾಗಿದ್ದರೆ ಎರಡನೆಯದನ್ನು ಜನ ಸ್ವಲ್ಪ ದಿನ ಮರೆಯುತ್ತಾರೆ. ದಿನಾ ರಾತ್ರಿ "ಊಟ ಆಯ್ತಾ" ಎಂದು ಫೋನ್ ಮಾಡುವುದು ಮೊದಲನೆಯ ಬಗೆಯದು. ಅದು ಬೇಕು. ಆದರೆ ಟಿಕೆಟ್ ಇನ್ನೂ ಓಪನ್ ಇದೆ.

ಶಿಫ್ಟ್ ಇದ್ದರೂ ಎರಡು ಕೆಲಸ ಮಾತ್ರ ನಾನು ನಿಲ್ಲಿಸಿದ್ದೆ. ಊಟದ ಹೊತ್ತಿಗೆ ಮೊಬೈಲ್ ಇಲ್ಲ. ಬೆಳಿಗ್ಗೆ ಪೂಜೆ ಆದ ಮೇಲೆ ನೇರ ಮಲಗುವುದನ್ನು ಬಿಟ್ಟು ಒಂದು ತಾಸು ಅವರ ಜೊತೆ ಚಹಾ. ಅವ್ವ ದೀಪ ಹಚ್ಚುತ್ತಿದ್ದಳು, ನಾನು ಶರಣು ಹೇಳುತ್ತಿದ್ದೆ, ಅಪ್ಪ ಹಿಂದಿನಿಂದ ಒಂದು ಶಬ್ದ ತಡವಾಗಿ ಸೇರುತ್ತಿದ್ದರು. ರೂಮಿನ ಇಬ್ಬರು ಸ್ವಾಮಿಗಳು ಮೊದಲ ದಿನ ಸಂಕೋಚ ಮಾಡಿಕೊಂಡಿದ್ದರು, ಮೂರನೆಯ ದಿನ ಅವರೇ ಅವ್ವನ ಹತ್ತಿರ ರೊಟ್ಟಿ ಬಡಿಯಲು ಕಲಿಯುತ್ತಿದ್ದರು. ಒಬ್ಬರಿಗೂ ಬರಲಿಲ್ಲ, ಅದು ಬೇರೆ ಮಾತು.

ಇನ್ನು ಹೊರಡುವ ವಿಷಯ. ಮಕರವಿಳಕ್ಕು ಕಾಲ ಮುಗಿದು ನಡೆ ಮುಚ್ಚುವ ದಿನ ಸನ್ನಿಧಾನದಲ್ಲಿ ಏನಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನೋಡಿರುವುದಿಲ್ಲ, ಅಷ್ಟು ಹೊತ್ತಿಗೆ ನಾವೆಲ್ಲ ಇಳಿದು ಬಂದಿರುತ್ತೇವೆ. ಆ ದಿನ ಬೆಳಗಿನ ದರ್ಶನ ಪಂದಳ ಅರಮನೆಯ ಪ್ರತಿನಿಧಿಗೆ ಮಾತ್ರ. ಬೇರೆ ಯಾರಿಗೂ ಇಲ್ಲ. ಲಕ್ಷಾಂತರ ಜನ ಬಂದು ಹೋದ ಮೇಲೆ ಅಪ್ಪ ಮಗ ಇಬ್ಬರೇ. ಆಮೇಲೆ ಬಾಗಿಲು ಹಾಕಿ ಕೀಲಿಕೈಯನ್ನು ಅವರ ಕೈಗೆ ಕೊಡುತ್ತಾರೆ. ಅವರು ಅದನ್ನು ತಿರುಗಿ ದೇವಸ್ಥಾನದವರಿಗೇ ಒಪ್ಪಿಸುತ್ತಾರೆ, ಜೊತೆಗೆ ಒಂದು ಹಣದ ಚೀಲ ಕೊಡುತ್ತಾರೆ, ಮುಂದಿನ ವರ್ಷದ ಖರ್ಚಿಗೆ ಎಂದು. ಹುಂಡಿಯಲ್ಲಿ ಕೋಟಿಗಟ್ಟಲೆ ಬೀಳುವ ದೇವಸ್ಥಾನ ಅದು. ಆದರೂ ಅಪ್ಪ ಹೋಗುವಾಗ ಮಗನ ಖರ್ಚಿಗೆ ಕೊಟ್ಟೇ ಹೋಗುತ್ತಾರೆ, ಆ ಕಡೆಯವರು ಬೇಡ ಎನ್ನುವುದಿಲ್ಲ.

ಸ್ವಾರ್‌ಗೇಟಿನಲ್ಲಿ ರಾತ್ರಿ ಬಸ್ಸು. ಅವ್ವನನ್ನು ಕಿಟಕಿ ಪಕ್ಕ ಕೂರಿಸಿ ಇಳಿದೆ. ಅಪ್ಪ ಹಿಂದೆಯೇ ಇಳಿದು ಬಂದು ನನ್ನ ಅಂಗಿಯ ಜೇಬಿಗೆ ಐದುನೂರರ ನೋಟು ತುರುಕಿದರು. ತಿಂಗಳು ತಿಂಗಳು ಮನೆಗೆ ದುಡ್ಡು ಕಳಿಸುವವನು ನಾನು, ಅವರಿಗೂ ಗೊತ್ತು. "ದಾರಿಗೆ ಇರ್ಲಿ" ಎಂದರು. ಬಸ್ಸಿನಲ್ಲಿ ಹೋಗುತ್ತಿದ್ದವರು ಅವರು. ನಾನು ತೆಗೆದುಕೊಂಡೆ. ಆ ನೋಟನ್ನು ಬೇರೆ ಇಟ್ಟಿದ್ದೆ, ಇರುಮುಡಿ ಕಟ್ಟುವ ದಿನ ಕಾಣಿಕೆಯ ಗಂಟಿಗೆ ಹಾಕಿದೆ.

ಸ್ವಾಮಿ ಶರಣಂ.